ಅಜ್ಞಾತರಿಗೆ ಊಟವಿಲ್ಲ

ಪುಸ್ತಕದ ರಟ್ಟಿನ ಮೇಲೆ ನಿನ್ನ ಹೆಸರು ಬರುತ್ತೆ ಎಂದು ಉಜ್ಜನಪ್ಪ ಮೇಷ್ಟ್ರು ಮಾತು ಕೊಟ್ಟಾಗ ಹುಲಿಗೆಮ್ಮ ಕೊಪ್ಪರಿಗೆಯ ಒಳಗಿದ್ದಳು.

ಅದು ತೊಂಬತ್ತನಾಲ್ಕನೇ ಇಸವಿ. ಭದ್ರಾವತಿಯ ಒಂದು ಕಲ್ಯಾಣ ಮಂಟಪದ ಹಿತ್ತಿಲು. ಮದುವೆಯ ಸಾರು ಕುದಿಸಿದ ತಾಮ್ರದ ಕೊಪ್ಪರಿಗೆಯನ್ನು ಅಡ್ಡ ಮಲಗಿಸಬೇಕು. ಸೊಂಟದ ತನಕ ಒಳಗೆ ತೂರಬೇಕು. ಹುಣಸೆಹಣ್ಣು, ಬೂದಿ, ತೆಂಗಿನ ನಾರು ಹಿಡಿದು ತಳ ತಿಕ್ಕಬೇಕು. ಅದು ಅವಳ ಕೆಲಸ. ಹೊರಗೆ ಕಾಣುತ್ತಿದ್ದದ್ದು ಎರಡು ಕಾಲು. ಮೇಷ್ಟ್ರು ಮಾತು ಕೊಟ್ಟದ್ದು ಆ ಎರಡು ಕಾಲಿಗೆ.

"ಈಗ ಒಳಗೆ ಮದುಮಗಳು ಹೇಳಿದ ಒಡಪು ಕಟ್ಟಿದ್ದು ಯಾರಮ್ಮಾ?" ಎಂದು ಜಾನಪದ ಸಂಗ್ರಹಕ್ಕೆ ಬಂದಿದ್ದ ಅವರು ಟೇಪ್‌ರೆಕಾರ್ಡರ್ ಕಂಕುಳಲ್ಲಿ ಇರುಕಿಕೊಂಡು ಕೇಳಿದ್ದರು.

"ನಾನೇ" ಎಂದಿತು ಕೊಪ್ಪರಿಗೆ, ಗುಡಿಯ ಗಂಟೆಯ ಹಾಗೆ.

ಆ ಕಡೆಯ ಮದುವೆಗಳಲ್ಲಿ ಒಂದು ಶಾಸ್ತ್ರ. ಹೆಣ್ಣನ್ನು ತುಂಬಿಸಿಕೊಳ್ಳುವಾಗ ಗಂಡಿನ ಕಡೆಯ ಹೆಂಗಸರು ಬಾಗಿಲಿಗೆ ಅಡ್ಡ ನಿಲ್ಲುತ್ತಾರೆ. ಮದುಮಗಳು ಗಂಡನ ಹೆಸರು ಹೇಳಬೇಕು, ಆಮೇಲೆ ಹೊಸ್ತಿಲು ದಾಟಬೇಕು. ಬರೀ ಹೆಸರು ಹೇಳಿ ಓಡಿದರೆ ಆಗುವುದಿಲ್ಲ. ಎರಡು ಸಾಲು ಪ್ರಾಸ ಕಟ್ಟಿ, ನಡುವೆ ಹೆಸರು ಕೂರಿಸಿ, ಕೂತವರು ನಗುವ ಹಾಗೆ ಒಡಪು ಹೇಳಬೇಕು. ಬಿ.ಕಾಂ. ಓದಿದ ಹುಡುಗಿಯರಿಗೆ ಒಡಪು ಎಲ್ಲಿಂದ ಬರಬೇಕು? ಅವರು ಬಚ್ಚಲಿಗೆ ಹೋಗುವ ನೆಪ ಹೇಳಿ ಹಿತ್ತಿಲಿಗೆ ಓಡಿ ಬರುತ್ತಿದ್ದರು. "ಹುಲಿಗೆವ್ವಾ, ನಮ್ಮೋರ ಹೆಸರು ಇಂಥದ್ದು, ಬೇಗ ಒಂದು ಕೊಡೇ!" ಹುಲಿಗೆಮ್ಮ ಕೊಪ್ಪರಿಗೆಯೊಳಗಿಂದಲೇ ಕಟ್ಟಿ ಕೊಡುತ್ತಿದ್ದಳು. ಪ್ರತಿಫಲ ಒಂದು ಕುಬುಸದ ಕಣ, ಎರಡು ಲಾಡು.

ಹಿತ್ತಿಲಿಂದ ಊಟದ ಮನೆಗೆ ಐದು ಮೆಟ್ಟಿಲು. ಅವಳು ತೊಳೆದ ಪಾತ್ರೆ ಹತ್ತಬಹುದು. ಅವಳು ಕಟ್ಟಿದ ಒಡಪು ಹತ್ತಬಹುದು. ಕೇರಿಯ ಹುಲಿಗೆಮ್ಮ ಹತ್ತುವ ಹಾಗಿರಲಿಲ್ಲ. ಎಲ್ಲರ ಊಟ ಆದಮೇಲೆ ಅವಳಿಗೂ ಜೊತೆಗೆ ಪಾತ್ರೆ ತಿಕ್ಕುವ ಸಣ್ಣಮ್ಮನಿಗೂ ಎಲೆ ಕೆಳಗೇ ಬರುತ್ತಿತ್ತು, ಸಾರಿನ ತಳದ ಬೇಳೆಯ ಜೊತೆ.

ಅವತ್ತು ಮದುಮಗ ಜ್ಞಾನೇಶ್. ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿಯವನು. ಬಾಗಿಲಿಗೆ ಅಡ್ಡ ನಿಂತವರು ಅವನ ತಾಯಿ ಬಸವರಾಜೇಶ್ವರಿ, ತೋಟ ಗದ್ದೆ ಇದ್ದ ದೊಡ್ಡ ಮನೆತನದವರು. ಮದುಮಗಳು ಸುಮನಾ ಹಿತ್ತಿಲಿಗೆ ಬಂದು ಹೋಗಿ ಹೇಳಿದ ಒಡಪು ಇದು:

ಕುಕ್ಕರು ಕೂಗಿದ್ರೆ ಇಳಿಸ್ತಾರೆ, ಸೈರನ್ನು ಕೂಗಿದ್ರೆ ಓಡ್ತಾರೆ,
ನಾನು ಕೂಗಿದ್ರೆ ಮಾತ್ರ ಜ್ಞಾನೇಶ್ ಅವ್ರು ಕಿವಿ ಕೇಳ್ಸಲ್ಲ ಅಂತಾರೆ.

ಮಂಟಪಕ್ಕೆ ಮಂಟಪವೇ ನಕ್ಕಿತು. ಉಜ್ಜನಪ್ಪ ಮೇಷ್ಟ್ರು ಹಿತ್ತಿಲಿಗೆ ಓಡಿ ಬಂದರು. ಹುಲಿಗೆಮ್ಮ ಇನ್ನಷ್ಟು ಹೇಳಿದಳು. ಟೇಪಿನ ಎರಡು ಮಗ್ಗುಲೂ ತುಂಬಿದವು.

"ಪುಸ್ತಕ ಮಾಡ್ತೀನಿ. ರಟ್ಟಿನ ಮೇಲೆ ನಿನ್ನ ಹೆಸರು ಬರುತ್ತೆ. ನನ್ನ ತಾಯಾಣೆ."

"ಆಯ್ತು ಸಾರ್, ಸ್ವಲ್ಪ ಆ ಕಡೆ ನಿಂತ್ಕಳಿ, ಬೆಳಕಿಗೆ ಅಡ್ಡ ಆಗ್ತದೆ" ಎಂದಿತು ಕೊಪ್ಪರಿಗೆ.

*

ಪುಸ್ತಕ ಬಂತು. ರಟ್ಟಿನ ಮೇಲೆ 'ಸಂಶೋಧನೆ, ಸಂಗ್ರಹ, ಸಂಪಾದನೆ, ವ್ಯಾಖ್ಯಾನ: ಡಾ. ಉಜ್ಜನಪ್ಪ' ಎಂದಿತ್ತು. ನಾಲ್ಕು ಕೆಲಸಕ್ಕೂ ಒಂದೇ ಹೆಸರು. ಹುಲಿಗೆಮ್ಮನಿಗೆ ಅದು ಗೊತ್ತಾಗಲಿಲ್ಲ. ಅವಳು ಓದಿದವಳಲ್ಲ. ಪುಸ್ತಕ ಹಿತ್ತಿಲಿಗೆ ಬರುವ ವಸ್ತುವೂ ಅಲ್ಲ.

ಗೊತ್ತಾದದ್ದು ಕೆಲವು ವರ್ಷದ ಮೇಲೆ, ಮಗಳಿಂದ. ದಿವ್ಯಶ್ರೀ ಶಿವಮೊಗ್ಗದ ಒಂದು ಕಾಲೇಜಿನಲ್ಲಿ ಬಿ.ಎ.ಗೆ ಸೇರಿದ್ದಳು. ಕೊಪ್ಪರಿಗೆ ತಿಕ್ಕಿ ತಿಕ್ಕಿ ಹುಲಿಗೆಮ್ಮ ಕಟ್ಟಿದ ಫೀಸು ಅದು. ಅದೇ ಕಾಲೇಜಿನಲ್ಲಿ ಉಜ್ಜನಪ್ಪ ಮೇಷ್ಟ್ರು. ಅವರ ಪುಸ್ತಕವೇ ಪಠ್ಯ.

ಒಂದು ಸಂಜೆ ದಿವ್ಯಶ್ರೀ ಬಂದವಳೇ ಬ್ಯಾಗು ಮೂಲೆಗೆ ಎಸೆದಳು.

"ನಾಳೆಯಿಂದ ಕಾಲೇಜಿಗೆ ಹೋಗಲ್ಲ ಅವ್ವ."

"ಯಾಕೆ? ಯಾವನು ಏನಂದ?"

ಕ್ಲಾಸ್ ಟೆಸ್ಟಿನಲ್ಲಿ ಒಂದು ಪ್ರಶ್ನೆ ಬಂದಿತ್ತು: ಕುಕ್ಕರು ಒಡಪಿನ ಕರ್ತೃ ಮತ್ತು ಕಾಲವನ್ನು ಚರ್ಚಿಸಿ. ದಿವ್ಯಶ್ರೀ ಬರೆದಿದ್ದಳು: ಕರ್ತೃ ನನ್ನ ಅವ್ವ ಹುಲಿಗೆಮ್ಮ. ಕಾಲ, ಸುಮನಕ್ಕನ ಮದುವೆ ದಿನ, ಹಪ್ಪಳ ಕರಿಯುವ ಹೊತ್ತು. ಮೇಷ್ಟ್ರು ಅದನ್ನು ಇಡೀ ಕ್ಲಾಸಿಗೆ ಓದಿ ಹೇಳಿದರು. ಸೊನ್ನೆ ಸುತ್ತಿದರು. ಸರಿಯುತ್ತರ ಪುಸ್ತಕದಲ್ಲಿತ್ತು: ಕರ್ತೃ ಅಜ್ಞಾತ, ಕಾಲ ಸುಮಾರು ಮುನ್ನೂರು ವರ್ಷಗಳ ಹಿಂದೆ, ಹೇಳಿದವರು ಶ್ರೀಮತಿ ಬಸವರಾಜೇಶ್ವರಿ.

"ನನ್ನ ಬೆಂಚಿನೋರೆಲ್ಲ ನಿನ್ನನ್ನ ಮುನ್ನೂರು ವರ್ಷದ ಅವ್ವ ಅಂತಾರೆ. ನಿನಗೆ ಹಲ್ಲು ಇದಾವಾ ಅಂತ ಕೇಳ್ತಾರೆ. ತಪ್ಪಾಯ್ತು, ಕರ್ತೃ ಅಜ್ಞಾತ ಅಂತ ಬರ್ಕೊಡು ಅಂತಾರೆ ಸಾರು. ನಾನು ಬರಿಯಲ್ಲ. ಪುಸ್ತಕದಲ್ಲಿ ನಿನ್ನ ಹೆಸರು ಬರೋ ತನಕ ನಾನು ಆ ಕ್ಲಾಸಿನಲ್ಲಿ ಕೂರಲ್ಲ."

ಆಗ ಪಕ್ಕದ ಮನೆಯ ಸಣ್ಣಮ್ಮ ಬಂದು ಬಾಗಿಲಲ್ಲಿ ಕುಕ್ಕರಿಸಿದಳು. ಮಗಳು ಪುಸ್ತಕ ತೆಗೆದು ವ್ಯಾಖ್ಯಾನ ಓದಿದಳು.

"'ಇಲ್ಲಿನ ಕುಕ್ಕರು ಎಂಬುದು ಪಾಠದೋಷ. ಮೂಲದಲ್ಲಿ ಕೊಕ್ಕರೆ ಎಂದಿದ್ದಿರಬೇಕು.'"

"ಕೊಕ್ಕರೆ ಕೂಗಿದ್ರೆ ಇಳಿಸ್ತಾರಾ?" ಎಂದಳು ಸಣ್ಣಮ್ಮ. "ಎಲ್ಲಿಂದ ಇಳಿಸ್ತಾರೆ? ಮರದಿಂದಾನಾ?"

"'ಜ್ಞಾನೇಶ ಎಂದರೆ ಜ್ಞಾನಕ್ಕೊಡೆಯನಾದ ಪರಶಿವ. ಎಷ್ಟು ಕೂಗಿದರೂ ಕಿವಿಗೊಡದ ದೈವದ ಮುಂದೆ ಜೀವಾತ್ಮದ ಆರ್ತನಾದವಿದು.'"

"ಟ್ರ್ಯಾಕ್ಟರ್ ಅಂಗಡಿ ಜ್ಞಾನೇಶಪ್ಪ!" ಸಣ್ಣಮ್ಮ ನೆಲ ಹಿಡಿದುಕೊಂಡು ನಕ್ಕಳು. "ಅವನು ಪರಶಿವ ಆದ್ರೆ ಕ್ಲಚ್ ಪ್ಲೇಟು ಯಾರು ಮಾರ್ತಾರೆ?"

ಹುಲಿಗೆಮ್ಮ ನಗಲಿಲ್ಲ. ಮುನ್ನೂರು ವರ್ಷವಂತೆ. ಅವಳ ಕೈ ನೋಡಿಕೊಂಡಳು. ಉಗುರಿನ ಸಂದಿಯೆಲ್ಲ ಕಪ್ಪು. ಹುಣಸೆಹುಳಿ ತಿಂದು ಅಂಗೈ ಬಿರಿದಿತ್ತು. ಆ ಕೈ ಮುನ್ನೂರು ವರ್ಷದ ಹಿಂದಿನದಲ್ಲ. ಈಗಲೂ ಉರಿಯುತ್ತಿತ್ತು.

"ಅದ್ರಲ್ಲಿ ಸೈರನ್ನು ನಂದು, ಮರೀಬೇಡ" ಎಂದಳು ಸಣ್ಣಮ್ಮ. "ನೀನು ಎಮ್ಮೆ ಕೂಗಿದ್ರೆ ಓಡ್ತಾರೆ ಅಂದಿದ್ದೆ. ಫ್ಯಾಕ್ಟರಿ ಸೈರನ್ನು ಹಾಕೇ ಅಂತ ಹೇಳ್ಕೊಟ್ಟಿದ್ದು ನಾನು."

"ಹೌದು ಮಾರಾಯ್ತಿ, ಸೈರನ್ನು ನಿಂದೇ. ಈಗ ಬಾಯಿ ಮುಚ್ಚು, ಬೆಳಿಗ್ಗೆ ಶಿವಮೊಗ್ಗಕ್ಕೆ ಹೋಗೋದದೆ."

*

ಕಾಲೇಜಿನ ಜವಾನ ಬಾಗಿಲಲ್ಲೇ ತಡೆದ. ಕೂರಲು ಹೇಳಲಿಲ್ಲ. ಮೇಷ್ಟ್ರು ಚಹಾ ಕುಡಿದು ಮುಗಿಸುವವರೆಗೆ ಹುಲಿಗೆಮ್ಮ ನಿಂತೇ ಇದ್ದು, ಆಮೇಲೆ ಒಳಗೆ ಹೋದಳು.

"ಸಾರ್, ನಾನು ಹುಲಿಗೆಮ್ಮ."

ಮೇಷ್ಟ್ರಿಗೆ ಗುರುತು ಹತ್ತಲಿಲ್ಲ. ಅವರು ನೋಡಿದ್ದು ಕಾಲು ಮಾತ್ರ.

"ಕೊಪ್ಪರಿಗೆ ಸಾರ್."

"ಓ, ಕೊಪ್ಪರಿಗೆ! ಏನಮ್ಮಾ, ಚೆನ್ನಾಗಿದೀಯಾ?"

"ನನ್ನ ಮಗಳಿಗೆ ಸೊನ್ನೆ ಯಾಕೆ ಕೊಟ್ರಿ? ನನ್ನ ಹೆಸರು ತಪ್ಪು ಬರೆದ್ಲಾ?"

"ಹೆಸರು ಬರೆದದ್ದೇ ತಪ್ಪು. ಜಾನಪದಕ್ಕೆ ಕರ್ತೃ ಇರೋದಿಲ್ಲ. ಅದನ್ನ ನೀನು ಕಟ್ಟಿದ್ದಲ್ಲ, ನಿನ್ನ ಮೂಲಕ ಸಮುದಾಯ ಕಟ್ಟಿದ್ದು."

"ಸಮುದಾಯ ಯಾವಾಗ ಸಾರ್ ಕೊಪ್ಪರಿಗೆ ಒಳಗೆ ಬಂದಿತ್ತು? ಅದ್ರೊಳಗೆ ನನಗೇ ಜಾಗ ಇರ್ಲಿಲ್ಲ."

ಮೇಷ್ಟ್ರು ಎದ್ದು ಬಾಗಿಲು ಮುಂದೆ ಮಾಡಿ ಬಂದರು. ದನಿ ತಗ್ಗಿಸಿದರು.

"ನೋಡು, ನಿನಗೆ ಬಿಡಿಸಿ ಹೇಳ್ತೀನಿ. ಯೂನಿವರ್ಸಿಟಿಯಲ್ಲಿ ರೀಡರ್ ಹುದ್ದೆಗೆ ಅರ್ಜಿ ಹಾಕಿದೀನಿ. ಪುಸ್ತಕಕ್ಕೆ ಇಷ್ಟು, ಲೇಖನಕ್ಕೆ ಇಷ್ಟು ಅಂತ ಅಳೀತಾರೆ. ಕರ್ತೃ ಯಾರೋ ಗೊತ್ತಿಲ್ಲ ಅಂದ್ರೆ ನಾನು ಮಾಡಿದ್ದು ಸಂಶೋಧನೆ. ಕರ್ತೃ ಬದುಕಿದಾಳೆ, ಬಸ್ ಹತ್ತಿ ಬರ್ತಾಳೆ, ಜಗಳ ಆಡ್ತಾಳೆ ಅಂದ್ರೆ ನಾನು ಮಾಡಿದ್ದು ನಕಲು."

"ಅಂದ್ರೆ ನಾನು ಸತ್ತಿದ್ರೆ ಒಳ್ಳೇದಿತ್ತು."

"ಛೆ ಛೆ, ಹಂಗಲ್ಲ." ಮೇಷ್ಟ್ರು ಕನ್ನಡಕ ಒರೆಸಿಕೊಂಡರು. "ಸ್ವಲ್ಪ ಮುಂಚೆ ಸತ್ತಿದ್ರೆ ಅನುಕೂಲ ಆಗ್ತಿತ್ತು. ಒಂದು ಮುನ್ನೂರು ವರ್ಷ."

"ಬಸವರಾಜೇಶ್ವರಮ್ಮಾರ ಹೆಸರು ಹಾಕಿದೀರಲ್ಲ. ಅವ್ರು ಸತ್ತಿಲ್ಲ. ಮೊನ್ನೆ ಗಾಂಧಿ ಬಜಾರಲ್ಲಿ ಸೀರೆ ತಗೀತಾ ಇದ್ರು."

"ಅವರು ವಕ್ತೃ. ಅಂದ್ರೆ ಹೇಳಿದವರು. ಅವರ ಮನೆಯವರು ಅಚ್ಚಿಗೆ ಸಹಾಯ ಮಾಡಿದಾರೆ."

ಹುಲಿಗೆಮ್ಮ ಕದಲಲಿಲ್ಲ. ಬಾಗಿಲಿಗೆ ಅಡ್ಡವಾಗಿ ನೆಲದ ಮೇಲೆ ಕೂತುಬಿಟ್ಟಳು. ಮುಂದಿನ ಪೀರಿಯಡ್ಡಿನ ಗಂಟೆ ಹೊಡೆಯಿತು. ಮೇಷ್ಟ್ರು ಅವಳನ್ನು ದಾಟಿ ಹೋಗಬೇಕಿತ್ತು, ಆಗಲಿಲ್ಲ.

"ಆಯ್ತಮ್ಮಾ, ಏಳು. ಬರೋ ಭಾನುವಾರ ಎರಡನೇ ಮುದ್ರಣದ ಬಿಡುಗಡೆ ಇದೆ. ಅದರಲ್ಲಿ ಹೆಸರು ಹಾಕಿಸ್ತೀನಿ. ನನ್ನ ತಾಯಾಣೆ."

"ಹೋದ್ಸಲಾನೂ ತಾಯಾಣೆ ಇಟ್ಟಿದ್ರಿ. ತಾಯಿ ಹೆಂಗಿದಾರೆ ಸಾರ್?"

"ಆರಾಮಿದಾರೆ."

"ಗಟ್ಟಿ ಜೀವ" ಎಂದು ಹುಲಿಗೆಮ್ಮ ಎದ್ದಳು.

*

ಭಾನುವಾರ ಶಿವಮೊಗ್ಗದ ಒಂದು ಸಮುದಾಯ ಭವನದಲ್ಲಿ ಬಿಡುಗಡೆ. 'ಕರ್ತೃತ್ವ: ಒಂದು ಮರುಚಿಂತನೆ' ಎಂಬ ವಿಚಾರ ಸಂಕಿರಣ, ಆಮೇಲೆ ಹಬ್ಬದ ಊಟ. ಅಡುಗೆ ಕಂಟ್ರಾಕ್ಟು ಭದ್ರಾವತಿಯ ಲಿಂಗಪ್ಪನದು. ಲಿಂಗಪ್ಪನ ಪಾತ್ರೆ ತಿಕ್ಕುವವರು ಹುಲಿಗೆಮ್ಮ ಮತ್ತು ಸಣ್ಣಮ್ಮ. ಹೀಗೆ ಪುಸ್ತಕದ ಕರ್ತೃ ಬಿಡುಗಡೆ ಸಮಾರಂಭಕ್ಕೆ ಟೆಂಪೋದಲ್ಲಿ ಕೊಪ್ಪರಿಗೆಯ ಪಕ್ಕ ಕೂತು ಬಂದಳು. ದಿವ್ಯಶ್ರೀಯ ಕ್ಲಾಸಿನವರೂ ಬಂದಿದ್ದರು. ಬರದಿದ್ದರೆ ಹಾಜರಿ ಇಲ್ಲ ಎಂದು ಮೇಷ್ಟ್ರು ಹೇಳಿದ್ದರು. ಅವ್ವನ ಹೆಸರು ಬರುತ್ತದಲ್ಲ ಎಂದು ಮಗಳೂ ಬಂದಳು.

ವೇದಿಕೆಯ ಮಾತು ಮೈಕಿನಲ್ಲಿ ಹಿತ್ತಿಲಿಗೂ ಕೇಳುತ್ತಿತ್ತು. ಹೊರಗಿನಿಂದ ಬಂದ ವಿದ್ವಾಂಸರು ಡಾ. ಹೂವಪ್ಪ ಭಾಷಣ ಮಾಡುತ್ತಿದ್ದರು.

"ಈ ಕೃತಿಯ ಕರ್ತೃತ್ವವನ್ನು ನಾವು ಹೀಗೆ ಅಳೆಯಬಹುದು. ಅರ್ಧದಷ್ಟು ಸಂಪಾದಕರದು. ಕಾಲು ಭಾಗ ವ್ಯಾಖ್ಯಾನಕಾರರದು, ಅವರೂ ಸಂಪಾದಕರೇ. ಉಳಿದದ್ದರಲ್ಲಿ ಮಾರ್ಗದರ್ಶಕರದು, ಪ್ರಕಾಶಕರದು, ರಕ್ಷಾಪುಟ ಕಲಾವಿದರದು. ಅದೂ ಉಳಿದರೆ ಪರಂಪರೆಯದು."

"ನಮಗೆ ಉಳಿಯೋದು ಏನಿದ್ರೂ ತಳದ ಬೇಳೆ" ಎಂದಳು ಸಣ್ಣಮ್ಮ, ಸೌಟು ತಿಕ್ಕುತ್ತ.

ದಿವ್ಯಶ್ರೀ ಹೊಸ ಪುಸ್ತಕ ಹಿಡಿದು ಹಿತ್ತಿಲಿಗೆ ಓಡಿಬಂದಳು. ಮುಖ ಕೆಂಪಾಗಿತ್ತು.

"ಇಲ್ಲ ಅವ್ವ. ರಟ್ಟಿನ ಮೇಲಿಲ್ಲ, ಒಳಗೂ ಇಲ್ಲ. ಕೊನೇ ಪುಟದಲ್ಲಿ ಕೃತಜ್ಞತೆ ಅಂತಿದೆ. 'ಊಟೋಪಚಾರ, ಲಿಂಗಪ್ಪ ಮತ್ತು ತಂಡ.'"

"ತಂಡ ಅಂದ್ರೆ ನೀನೇ ಕಣೇ ಹುಲಿಗಿ" ಎಂದಳು ಸಣ್ಣಮ್ಮ. "ಪುಸ್ತಕದಲ್ಲಿ ಬಂದ್ಬಿಟ್ಟೆ."

ಮಗಳು ಅಳತೊಡಗಿದಳು. ಹುಲಿಗೆಮ್ಮ ಸೌಟನ್ನು ಇನ್ನೂ ಜೋರಾಗಿ ತಿಕ್ಕಿದಳು.

ಅಷ್ಟರಲ್ಲಿ ಮೈಕು, ಈಗ ಮೂಲ ವಕ್ತೃಗಳಾದ ಶ್ರೀಮತಿ ಬಸವರಾಜೇಶ್ವರಿಯವರು ಒಡಪು ಹೇಳುತ್ತಾರೆ ಎಂದಿತು. ಚಪ್ಪಾಳೆ. "ಕುಕ್ಕರು ಕೂಗಿದ್ರೆ" ಎಂದು ಅವರ ದನಿ. ನಿಂತಿತು. ಮತ್ತೆ "ಕುಕ್ಕರು ಕೂಗಿದ್ರೆ, ಕೂಗಿದ್ರೆ." ಕುಕ್ಕರು ಅಷ್ಟು ಸಲ ಕೂಗಿದರೂ ಅನ್ನ ಬೇಯಲಿಲ್ಲ. ಮೈಕು ಕುಂಯ್ ಎಂದಿತು. ಸ್ವಲ್ಪ ಹೊತ್ತಿಗೆ ಬಸವರಾಜೇಶ್ವರಿಯವರು ಶಾಲು ಹೊದ್ದು, ಸನ್ಮಾನದ ಹಣ್ಣಿನ ಬುಟ್ಟಿ ಹಿಡಿದುಕೊಂಡೇ ಹಿತ್ತಿಲಿಗೆ ಬಂದರು.

"ಏ ಹುಲಿಗೆವ್ವಾ, ಕೂಗಿದ್ರೆ ಏನಾಗ್ತದೇ?"

"ನಿಮ್ಮದಲ್ವಾ ಅಮ್ಮಾರೆ? ಪುಸ್ತಕದಲ್ಲಿ ನಿಮ್ಮ ಹೆಸರದೆ."

"ನಾನ್ಯಾವತ್ತು ಹೇಳಿದ್ನೇ? ಅವತ್ತು ನಾನು ಬಾಗಿಲಿಗೆ ಅಡ್ಡ ನಿಂತಿದ್ದೆ ಅಷ್ಟೆ. ನನ್ನ ಕೈಲಿ ಕುಕ್ಕರು ಇಳಿಸಿಯೇ ಗೊತ್ತಿಲ್ಲ. ಬೇಗ ಹೇಳು ಮಾರಾಯ್ತಿ, ಮೈಕು ಕಾಯ್ತಾ ಅದೆ."

ಹುಲಿಗೆಮ್ಮ ನಾರನ್ನು ನೀರಿಗೆ ಬಿಟ್ಟಳು. ಎದ್ದಳು. ಸೊಂಟ ಲಟಕ್ ಎಂದಿತು. ಎಷ್ಟೋ ವರ್ಷ ಕೇಳಿದವರಿಗೆಲ್ಲ ಕೊಟ್ಟಿದ್ದಳು. ಮಗಳ ಮುಖ ನೋಡಿದಳು.

"ಹೇಳಲ್ಲ."

"ಏನಂದೆ?"

"ಹೇಳಲ್ಲ ಅಂದೆ. ಕುಬುಸದ ಕಣ ಕೊಟ್ರೂ ಹೇಳಲ್ಲ. ಲಾಡು ಕೊಟ್ರೂ ಹೇಳಲ್ಲ. ಶಾಲು ಹೊದ್ದೋರು ಹೇಳ್ಲಿ."

ಅಂದವಳೇ ಕೈಗೆ ಸಿಕ್ಕ ಉದ್ದ ಹಿಡಿಯ ಸೌಟು ಎತ್ತಿಕೊಂಡು ಐದು ಮೆಟ್ಟಿಲು ಹತ್ತಿದಳು. ಈ ಭವನದಲ್ಲೂ ಐದೇ ಇದ್ದವು, ಎಲ್ಲ ಕಡೆಯೂ ಒಬ್ಬನೇ ಕಟ್ಟಿಸಿದ ಹಾಗೆ. ಏನೂ ಆಗಲಿಲ್ಲ. ಮೆಟ್ಟಿಲು ಮುರಿಯಲಿಲ್ಲ. ಊಟದ ಮನೆ ದಾಟಿ, ಸಭಾಂಗಣದ ಕಡೆಯ ದೊಡ್ಡ ಬಾಗಿಲಿಗೆ ಹೋಗಿ, ಹೊಸ್ತಿಲ ಮೇಲೆ ಕೂತು ಸೌಟನ್ನು ಅಡ್ಡ ಹಿಡಿದಳು. ಸಣ್ಣಮ್ಮ ಇನ್ನೊಂದು ಸೌಟು ತಂದು ಆ ಕಡೆ ಕೂತಳು.

ಸಭೆ ಮುಗಿಸಿ ಹಸಿದು ಬಂದ ವಿದ್ವಾಂಸರು ಬಾಗಿಲಲ್ಲಿ ನಿಂತರು.

"ಹೆಸರು ಹೇಳಿದ್ರೆ ಒಳಗೆ ಬಿಡ್ತೀವಿ" ಎಂದಳು ಹುಲಿಗೆಮ್ಮ.

"ಆಹಾ! ಬಾಗಿಲು ತಡೆಯುವ ಶಾಸ್ತ್ರ! ಜೀವಂತ ಜಾನಪದ!" ಡಾ. ಹೂವಪ್ಪ ಚಪ್ಪಾಳೆ ತಟ್ಟಿದರು. ಎಲ್ಲರೂ ತಟ್ಟಿದರು. ಯಾರೋ ಫೋಟೋ ತೆಗೆದರು. ಇಬ್ಬರು ಟಿಪ್ಪಣಿ ಮಾಡಿಕೊಂಡರು. ಒಳಗಿಂದ ಒಗ್ಗರಣೆಯ ವಾಸನೆ ಬಂತು. ಚಪ್ಪಾಳೆ ನಿಂತಿತು. ಸೌಟು ಮೇಲೇಳಲಿಲ್ಲ.

"ಯಾರ ಹೆಸರು ಹೇಳ್ಬೇಕಮ್ಮಾ?"

"ಒಡಪು ಕಟ್ಟಿದೋಳ ಹೆಸರು. ಹುಲಿಗೆಮ್ಮ. ಬರೀ ಹೆಸರಲ್ಲ, ಒಡಪಿನಲ್ಲೇ ಹೇಳ್ಬೇಕು."

"ಸೈರನ್ನು ನಂದು. ನನ್ನ ಹೆಸರೂ ಬರ್ಬೇಕು, ಸಣ್ಣಮ್ಮ" ಎಂದಳು ಸಣ್ಣಮ್ಮ.

"ಅವಳದೂ ಬರ್ಬೇಕು" ಎಂದು ಹುಲಿಗೆಮ್ಮ ತೀರ್ಪು ಕೊಟ್ಟಳು.

ಲಿಂಗಪ್ಪ ಒಳಗಿಂದ ಬಡಿದುಕೊಂಡ. "ಪಾಯಸ ಗಟ್ಟಿ ಆಗ್ತದೆ ಕಣ್ರೇ! ನಾಳೆಯಿಂದ ಕೆಲಸಕ್ಕೆ ಬರ್ಬೇಡಿ ಇಬ್ರೂ!"

"ನಾಳೆ ಆಯನೂರಲ್ಲಿ ಮದುವೆ ಅದೆ. ನೀನೇ ಕೊಪ್ಪರಿಗೆ ಒಳಗೆ ಇಳಿ ಲಿಂಗಪ್ಪಣ್ಣ. ಹೊಟ್ಟೆ ಹಿಡಿಸಿದ್ರೆ" ಎಂದಳು ಸಣ್ಣಮ್ಮ.

ಡಾ. ಹೂವಪ್ಪನವರಿಗೆ ಸಕ್ಕರೆ ಕಾಯಿಲೆ. ಊಟದ ಹೊತ್ತು ಮೀರುವ ಹಾಗಿರಲಿಲ್ಲ. ಅವರು ಗಂಟಲು ಸರಿಮಾಡಿಕೊಂಡರು. ಬೆರಳು ಮಡಚಿ ಛಂದಸ್ಸಿನ ಮಾತ್ರೆ ಎಣಿಸಿದರು. ಹಣೆ ಬೆವರಿತು. ಜೀವಮಾನದಲ್ಲಿ ಮೊದಲ ಸಲ ಅವರು ಏನನ್ನೋ ಸ್ವಂತ ಕಟ್ಟುತ್ತಿದ್ದರು.

"ಹಪ್ಪಳ, ಸಂಡಿಗೆ, ಕೋಸಂಬರಿ, ಪಾಯಸ ಘಮಘಮ,
ಒಡಪು ಕಟ್ಟಿದ್ದು ಹುಲಿಗೆಮ್ಮ, ಸೈರನ್ನು ಸಣ್ಣಮ್ಮ."

"ಪರವಾಗಿಲ್ಲ, ಹೋಗಿ" ಎಂದು ಇಬ್ಬರೂ ಸೌಟು ಎತ್ತಿದರು. ಹಿಂದಿದ್ದ ಇನ್ನೊಬ್ಬ ಪ್ರಾಧ್ಯಾಪಕರು ಅದೇ ಎರಡು ಸಾಲು ಒದರಿ ನುಗ್ಗಲು ನೋಡಿದರು. ಸೌಟು ಮತ್ತೆ ಅಡ್ಡ ಬಂತು.

"ಅದು ಅವ್ರು ಕಟ್ಟಿದ್ದು ಸಾರ್" ಎಂದಳು ಸಣ್ಣಮ್ಮ. "ನಿಮ್ಮದು ಹೇಳಿ."

ಆಮೇಲೆ ಗದ್ದಲವೋ ಗದ್ದಲ. ಒಬ್ಬರು ಒಡಪಿನೊಳಗೆ ಸಕ್ರೆಬೈಲಿನ ಆನೆಯನ್ನು ಎಳೆತಂದರು. ಒಬ್ಬರು ಪ್ರಾಸ ಸಿಗದೆ ಅಮ್ಮ, ಗುಮ್ಮ, ನೆಗಡಿ ಕೆಮ್ಮ ಎಂದು ತಡಕಾಡಿದರು. ಮಹಾಪ್ರಬಂಧ ಬರೆದವರು ಗೋಡೆಗೆ ಹಣೆ ಹಚ್ಚಿ ಎರಡು ಸಾಲು ಹುಡುಕುತ್ತಿದ್ದರು. ದಿವ್ಯಶ್ರೀಯ ಕ್ಲಾಸಿನ ಹುಡುಗ ಹುಡುಗಿಯರು ಮಾತ್ರ ಸಾಲು ಸಾಲಾಗಿ ಹೇಳಿ ಒಳಗೆ ಹೋದರು. ಮುನ್ನೂರು ವರ್ಷದ ಅವ್ವ ಎಂದಿದ್ದವರೇ ಹೋಗುವಾಗ ಅವಳ ಹಲ್ಲು ನೋಡಿಕೊಂಡು ಹೋದರು. ಎಲ್ಲ ಇದ್ದವು.

ಬಸವರಾಜೇಶ್ವರಿಯವರೂ ಬಂದರು.

"ಶಾಲು ಹೊದಿಸಿ ಕೂರ್ಸಿದ್ರು, ಸೆಕೆಗೆ ಬೆವರು ಬಂತಮ್ಮ,
ಕುಕ್ಕರ್ ಒಡಪು ನಂದಲ್ಲ, ಕಟ್ಟಿದೋಳು ಹುಲಿಗೆಮ್ಮ."

"ನನ್ನ ಹೆಸರು?" ಎಂದಳು ಸಣ್ಣಮ್ಮ.

"ಮಜ್ಜಿಗೆ ಹೊತ್ತಿಗೆ ಹೇಳ್ತೀನಿ ಬಿಡೇ, ಹಸಿವು."

ಬಿಟ್ಟರು. ಶಾಲನ್ನು ಮಾತ್ರ ಅವರು ತೆಗೆದುಕೊಡಲಿಲ್ಲ.

ಕೊನೆಗೆ ಉಳಿದವರು ಉಜ್ಜನಪ್ಪ ಮೇಷ್ಟ್ರು. ಒಳಗೆ ಎಲೆ ಹಾಕಿ ಆಗಿತ್ತು. ಬಡಿಸುವ ಸದ್ದು ಕೇಳುತ್ತಿತ್ತು.

"ಹೇಳಿ ಸಾರ್. ನಿಮಗೆ ಪ್ರಾಸ ಬೇಡ. ಬರೀ ಹೆಸರು ಹೇಳಿ, ಸಾಕು."

ಮೇಷ್ಟ್ರು ಒಳಗೆ ನೋಡಿದರು. ರೀಡರ್ ಹುದ್ದೆಗೆ ಅವರ ಸಂದರ್ಶನ ಮಾಡಬೇಕಾದವರು ಅಲ್ಲೇ ಹಪ್ಪಳ ಮುರಿಯುತ್ತ ಇವರ ಕಡೆಯೇ ನೋಡುತ್ತಿದ್ದರು.

"ಕರ್ತೃ ಅಜ್ಞಾತ" ಎಂದರು ಮೇಷ್ಟ್ರು, ಸಣ್ಣ ದನಿಯಲ್ಲಿ.

"ಅಜ್ಞಾತರಿಗೆ ಊಟ ಇಲ್ಲ ಸಾರ್."

"ನನ್ನ ಕಾರ್ಯಕ್ರಮ ಕಣಮ್ಮಾ ಇದು! ನನ್ನ ಪುಸ್ತಕ!"

"ಒಡಪು ನಂದು. ಬೆನ್ನು ನಂದು. ಸೊನ್ನೆ ಬಿದ್ದ ಮಗಳೂ ನಂದು. ನಿಮ್ಮದು ರಟ್ಟು. ಹೋಗಿ, ಅದನ್ನೇ ತಿನ್ನಿ."

ಮೇಷ್ಟ್ರು ಹೋದರು. ಬಸ್‌ಸ್ಟ್ಯಾಂಡಿನ ಹತ್ತಿರ ನಿಂತುಕೊಂಡು ಇಡ್ಲಿ ತಿನ್ನುತ್ತಿದ್ದರು ಎಂದು ಆಮೇಲೆ ಯಾರೋ ಹೇಳಿದರು.

ಹುಲಿಗೆಮ್ಮ ಸೌಟು ಬದಿಗಿಟ್ಟು ಮಗಳನ್ನೂ ಸಣ್ಣಮ್ಮನನ್ನೂ ಕರೆದುಕೊಂಡು ಪಂಕ್ತಿಯ ನಡುವೆ ಕೂತಳು. ಪಕ್ಕದವರು ಸ್ವಲ್ಪ ಸರಿದರು. ಸರಿದದ್ದು ಜಾಗ ಮಾಡಿಕೊಡಲೋ, ದೂರ ಹೋಗಲೋ ಎಂದು ಅವಳು ಕೇಳಲಿಲ್ಲ. ಲಿಂಗಪ್ಪ ಗೊಣಗುತ್ತ ಬಡಿಸಿದ. ಬಿಸಿ ಅನ್ನ. ಮೇಲಿನ ಸಾರು. ಅವಳು ಎರಡು ಸಲ ಪಾಯಸ ಹಾಕಿಸಿಕೊಂಡಳು. ಊಟ ಮುಗಿದ ಮೇಲೆ ಸಣ್ಣಮ್ಮನ ಜೊತೆ ಹಿತ್ತಿಲಿಗಿಳಿದು ಕೊಪ್ಪರಿಗೆ ತಿಕ್ಕಿದಳು. ಬೇರೆ ಯಾರೂ ತಿಕ್ಕಲು ಬರಲಿಲ್ಲ.

ಸೋಮವಾರ ದಿವ್ಯಶ್ರೀ ಕಾಲೇಜಿಗೆ ಹೋದಳು. ತಪ್ಪಾಯ್ತು ಎಂದು ಬರೆದುಕೊಡಲಿಲ್ಲ. ವರ್ಷದ ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬಂತು. ಇಡೀ ಕ್ಲಾಸು ಒಂದೇ ಉತ್ತರ ಬರೆಯಿತು: ಹುಲಿಗೆಮ್ಮ ಮತ್ತು ಸಣ್ಣಮ್ಮ. ಎಲ್ಲರಿಗೂ ಸೊನ್ನೆ ಬಂತು. ಉಳಿದ ಪ್ರಶ್ನೆಗಳಿಂದ ದಿವ್ಯಶ್ರೀ ಪಾಸಾದಳು. ಉಜ್ಜನಪ್ಪ ಮೇಷ್ಟ್ರು ರೀಡರ್ ಆದರು.

ಎರಡು ವರ್ಷಕ್ಕೆ ಪುಸ್ತಕದ ಮೂರನೇ ಮುದ್ರಣ ಬಂತು. ಅದರ ರಟ್ಟಿನ ಮೇಲೆ ಹುಲಿಗೆಮ್ಮನ ಹೆಸರು ಇರಲಿಲ್ಲ. ಮೇಷ್ಟ್ರು ಕೊಟ್ಟ ಮಾತು ನಡೆಸಲಿಲ್ಲ.